ನೀರಿಗೆ ಬಿಟ್ಟ ಜಾಗ

ಆ ಬೀದಿಯ ಚರಂಡಿ ನೋಡಿದರೆ ಸಾಕು, ಯಾವ ಕಾರ್ಖಾನೆಯವರು ಇವತ್ತು ಬಟ್ಟೆಗೆ ಯಾವ ಬಣ್ಣ ಹಾಕುತ್ತಿದ್ದಾರೆ ಎಂದು ಹೇಳಬಹುದಿತ್ತು. ಬೆಳಿಗ್ಗೆ ಕೆಂಪಾಗಿ ಹರಿದದ್ದು ಮಧ್ಯಾಹ್ನ ಹಸಿರಾಗುತ್ತಿತ್ತು. ಬಟ್ಟೆಯ ಥಾನುಗಳನ್ನು ಹೇರಿದ ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು, ಆ ಚರಂಡಿಯನ್ನು ದಾಟಿ, ಬಟ್ಟೆಗೆ ಒಂದು ಚುಕ್ಕೆಯೂ ತಾಗದಂತೆ ದಿನವೂ ಕೆಲಸಕ್ಕೆ ಬರುವ ಹೆಂಗಸೊಬ್ಬಳಿದ್ದಳು. ಅವಳನ್ನು ಎಲ್ಲರೂ ಅರ್ಧಮ್ಮ ಎನ್ನುತ್ತಿದ್ದರು.

ಈ ಅಡ್ಡಹೆಸರು ಇಟ್ಟವನು ಅವಳ ಭಾವ, ಅಂದರೆ ಅಕ್ಕನ ಗಂಡ. ಅವನೇ ಅವಳ ಯಜಮಾನನೂ ಹೌದು. ಒಂದೇ ಮನುಷ್ಯ ನೆಂಟನೂ ಯಜಮಾನನೂ ಆದರೆ ಬೈಗುಳ ಎರಡು ಕಡೆಯಿಂದ ಬರುತ್ತದೆ, ಸಂಬಳ ಒಂದು ಕಡೆಯಿಂದಲೂ ನೆಟ್ಟಗೆ ಬರುವುದಿಲ್ಲ.

ಅರ್ಧಮ್ಮ ಮೊದಲು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆಯಾಗಲಿಲ್ಲ, ಆಗಬೇಕೆಂದು ಅನಿಸಲೂ ಇಲ್ಲ. ಬಣ್ಣದ ಕಾರ್ಖಾನೆಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಮಾಡಿ ಮಾರುವ ಸಣ್ಣ ಕಂಪನಿ ತೆರೆದಾಗ ಭಾವ ಅವಳ ಮನೆಬಾಗಿಲಿಗೆ ಬಂದಿದ್ದ. "ಬೇರೆಯವರ ಮಕ್ಕಳಿಗೆ ಎಷ್ಟು ದಿನ ಲೆಕ್ಕ ಹೇಳಿಕೊಡ್ತೀಯ? ಬಾ, ಇದು ಮನೆಯವರದೇ ಕೆಲಸ. ನಿನ್ನ ಬುದ್ಧಿ, ನನ್ನ ಓಡಾಟ," ಎಂದಿದ್ದ. ಅವಳು ಬಂದಳು.

ಅವಳ ಸ್ವಭಾವದ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅಕ್ಕ ತಂಗಿ ಚಿಕ್ಕವರಿದ್ದಾಗ ಅಪ್ಪನ ಭೂತಗನ್ನಡಿ ಒಡೆಯಿತು. ಒಡೆದವಳು ಅಕ್ಕ, ಏಟು ಬಿದ್ದದ್ದು ತಂಗಿಗೆ. ತಂಗಿ ಅಳಲಿಲ್ಲ, ಜಗಳವಾಡಲಿಲ್ಲ. ಎಷ್ಟೋ ಕಾಲದ ಮೇಲೆ, ಎಲ್ಲರೂ ಮರೆತಾಗ, ನೆಂಟರ ಮುಂದೆ ಅಕ್ಕ ತಾನು ಸಾಮಾನನ್ನು ಎಷ್ಟು ಜೋಪಾನವಾಗಿ ಇಡುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದಳು. ತಂಗಿ ತಲೆಯೆತ್ತಿ, "ಅಪ್ಪನ ಭೂತಗನ್ನಡಿ ಇಟ್ಟ ಹಾಗಾ?" ಎಂದಳು. ಅಕ್ಕ ಥಟ್ಟನೆ, "ಅದು ಕೈಜಾರಿ ಬಿದ್ದಿದ್ದು ಕಣೇ!" ಎಂದಳು. ಅಪ್ಪ ಅಲ್ಲೇ ಕುಳಿತಿದ್ದರು. ಆ ದಿನ ಅಮ್ಮ ಅಡುಗೆಮನೆಯಲ್ಲಿ ತಮ್ಮಷ್ಟಕ್ಕೆ ಹೇಳಿಕೊಂಡಿದ್ದರು: "ದೊಡ್ಡವಳು ಕೂಗಿದರೆ ಕಿವಿ ಮುಚ್ಕೋಬಹುದು. ಚಿಕ್ಕವಳು ಸುಮ್ಮನಾದರೆ ಏನು ಮುಚ್ಕೊಳ್ಳೋದು?"

ಅಕ್ಕನ ಕೋಪ ಒಣಹುಲ್ಲಿಗೆ ಬಿದ್ದ ಬೆಂಕಿ, ಭಗ್ಗನೆ ಎದ್ದು ಬೂದಿಯಾಗುತ್ತಿತ್ತು. ತಂಗಿಯದು ಕೆಂಡ.

ಈಗ ಅವಳು ಬರೆದ ಪ್ರೋಗ್ರಾಂನ ವಿಷಯ. ಒಂದು ಬಟ್ಟೆಗೆ ಒಂದು ಬಣ್ಣ ಸರಿಯಾಗಿ ಕೂರಬೇಕಾದರೆ ಮೂರು ಸಂಗತಿ ತಿಳಿದಿರಬೇಕು: ಬಟ್ಟೆ ಯಾವುದು, ಬಣ್ಣ ಯಾವುದು, ಇಂದಿನ ನೀರು ಎಷ್ಟು ಗಡಸು. ಗಡಸು ನೀರಿನಲ್ಲಿ ಬಣ್ಣ ಮಂಕಾಗುತ್ತದೆ, ಅದನ್ನು ಮೆದುಗೊಳಿಸಲು ಬೇರೆ ಪುಡಿ ಹಾಕಬೇಕು. ಈ ಮೂರೂ ಸಿಕ್ಕಿದರೆ ಬಣ್ಣದ ಪುಡಿ ಎಷ್ಟು, ಉಪ್ಪು ಎಷ್ಟು, ಮೆದು ಮಾಡುವ ಪುಡಿ ಎಷ್ಟು ಎಂದು ಪ್ರೋಗ್ರಾಂ ಹೇಳುತ್ತದೆ.

ಎಲ್ಲರೂ ಈ ಮೂರನ್ನೂ ಒಟ್ಟಿಗೆ ಕೇಳುವ ಹಾಗೆ ಬರೆಯುತ್ತಾರೆ. ಅರ್ಧಮ್ಮ ಒಂದೊಂದಾಗಿ ಕೇಳುವ ಹಾಗೆ ಬರೆದಳು. ಈ ವಿಧಾನಕ್ಕೆ ಕರಿಯಿಂಗ್ ಎಂದು ಹೆಸರು. ಒಬ್ಬ ತರ್ಕಶಾಸ್ತ್ರಜ್ಞನಿಂದ ಬಂದ ಹೆಸರು ಅದು, ಅಡುಗೆಗೂ ಅದಕ್ಕೂ ಸಂಬಂಧವಿಲ್ಲ. ಮೂರು ಬೇಕಾದ ಕಡೆ ಒಂದನ್ನೇ ಕೊಟ್ಟರೆ ಫಂಕ್ಷನ್ನು, ಅಂದರೆ ಪ್ರೋಗ್ರಾಂನೊಳಗೆ ಲೆಕ್ಕ ಮಾಡುವ ತುಣುಕು, ಸಿಟ್ಟಾಗುವುದಿಲ್ಲ, ತಪ್ಪು ಎಂದು ಕಿರುಚುವುದಿಲ್ಲ. ಕೊಟ್ಟದ್ದನ್ನು ಒಳಗಿಟ್ಟುಕೊಂಡು, ಉಳಿದೆರಡಕ್ಕಾಗಿ ಕಾಯುವ ಹೊಸ ಫಂಕ್ಷನ್ ಒಂದನ್ನು ಕೈಗಿಡುತ್ತದೆ. ಅದಕ್ಕೆ ಇನ್ನೊಂದು ಕೊಟ್ಟರೆ ಕೊನೆಯದೊಂದಕ್ಕೆ ಮಾತ್ರ ಕಾಯುವ ಮತ್ತೊಂದು. ಕೊನೆಯದು ಬಂದಾಗಲೇ ಉತ್ತರ.

ಮೊದಲ ಸಲ ಇದನ್ನು ಕಂಡಾಗ ಭಾವ ಸ್ಕ್ರೀನನ್ನೇ ನೋಡಿ ಹುಬ್ಬು ಗಂಟಿಕ್ಕಿದ.

"ಇದೇನೇ ಇದು? ಬಟ್ಟೆ ಹತ್ತಿ ಅಂತ ಕೊಟ್ಟೆ. ಉತ್ತರಾನೇ ಬರಲಿಲ್ಲ?"

"ಉತ್ತರ ಬರಲ್ಲ ಭಾವ. ಹತ್ತಿ ಬಟ್ಟೆಗೇ ಮೀಸಲಾದ ಇನ್ನೊಂದು ಫಂಕ್ಷನ್ ಬಂದಿದೆ. ಅದನ್ನು ಹಾಗೇ ಇಟ್ಕೊಂಡು ಯಾವ ಬಣ್ಣ ಬೇಕಾದರೂ ಕೊಡಬಹುದು."

"ಕೇಳಿದ್ದು ಉತ್ತರ, ಕೊಟ್ಟಿದ್ದು ಇನ್ನೊಂದು ಪ್ರಶ್ನೆ. ನಿಮ್ಮಕ್ಕನೂ ಹಿಂಗೇ."

"ಹತ್ತಿ ಬಟ್ಟೆಯ ಮಿಲ್ಲು ವರ್ಷವಿಡೀ ಹತ್ತಿಗೇ ಬಣ್ಣ ಹಾಕುತ್ತೆ. ದಿನಾ ಹತ್ತಿ ಹತ್ತಿ ಅಂತ ಯಾಕೆ ಹೇಳಬೇಕು? ಬದಲಾಗದ್ದನ್ನು ಮೊದಲು ಕೊಟ್ಟು ಮುಗಿಸೋದು. ದಿನಾ ಬದಲಾಗೋದು ಕೊನೆಗೆ. ಅದಕ್ಕೇ ನೀರಿಗೆ ಕೊನೆಯ ಜಾಗ ಬಿಟ್ಟಿದ್ದೀನಿ."

"ಅರ್ಧ ಕೆಲಸ ಮಾಡಿ ಕೈಕಟ್ಟಿ ಕೂರೋ ಪ್ರೋಗ್ರಾಂ ಬರೆದಿದ್ದೀಯ, ಅರ್ಧಮ್ಮ," ಎಂದು ಭಾವ ನಕ್ಕ. ಆಫೀಸಿನವರೆಲ್ಲ ನಕ್ಕರು. ಹೆಸರು ಅಂಟಿಕೊಂಡಿತು.

ನಗುತ್ತಿದ್ದವರು ಪ್ರೋಗ್ರಾಂ ಬಳಸತೊಡಗಿದ ಮೇಲೆ ನಗು ನಿಂತಿತು. ಪ್ರೋಗ್ರಾಂ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಅದು ಬೇರೊಬ್ಬಳದು ಎಂದು ಹೇಳುವುದು ಭಾವನಿಗೆ ಕಷ್ಟವಾಗತೊಡಗಿತು.

ಬಟ್ಟೆ ವ್ಯಾಪಾರಿಗಳ ಸಭೆಯೊಂದಕ್ಕೆ ಹೆಂಡತಿಯ ಜೊತೆಗೆ ಅವಳನ್ನೂ ಕರೆದುಕೊಂಡು ಹೋದ. ದೊಡ್ಡ ಹಾಲ್, ಬಿಳಿ ಬಟ್ಟೆ ಹೊದಿಸಿದ ಮೇಜುಗಳು, ಕೈಯಲ್ಲಿ ಚಹಾದ ಬಟ್ಟಲು ಹಿಡಿದ ಜನ. ಭಾವ ವೇದಿಕೆ ಹತ್ತಿ ಅವಳ ಮಾತನ್ನೇ ಅವಳು ಹೇಳಿದ ಕ್ರಮದಲ್ಲೇ ಒಪ್ಪಿಸಿದ: ಬದಲಾಗದ್ದು ಮೊದಲು, ಬದಲಾಗುವುದು ಕೊನೆಗೆ. "ಇದು ನನ್ನ ಎಷ್ಟೋ ವರ್ಷದ ತಪಸ್ಸು," ಎಂದ. ಕೆಳಗಿಳಿದ ಮೇಲೆ ಯಾರೋ, ಇವರು ಯಾರು ಎಂದು ಅವಳ ಕಡೆ ತೋರಿಸಿ ಕೇಳಿದರು.

"ನನ್ನ ನಾದಿನಿ. ಟೈಪಿಂಗಿಗೆ ಸಹಾಯ ಮಾಡ್ತಾಳೆ."

ಅರ್ಧಮ್ಮ ಚಹಾದ ಬಟ್ಟಲನ್ನು ಸದ್ದಾಗದಂತೆ ತಟ್ಟೆಯ ಮೇಲಿಟ್ಟಳು. ಪ್ರಶ್ನೆ ಕೇಳಿದವರಿಗೆ ನಮಸ್ಕಾರ ಹೇಳಿದಳು. ಸಿಟ್ಟು ಬಂದಿರಲಿಲ್ಲ ಎಂದಲ್ಲ. ಬಂದದ್ದು ಒಳಗೆ ಹೋಗಿ ತನ್ನ ಜಾಗದಲ್ಲಿ ಕುಳಿತಿತು, ಅಷ್ಟೆ. ಕರಿಯಿಂಗ್‌ನ ಒಂದು ಗುಣ ಅವಳಿಗೆ ಚೆನ್ನಾಗಿ ಗೊತ್ತಿತ್ತು: ಒಮ್ಮೆ ಒಳಗೆ ಕೊಟ್ಟದ್ದನ್ನು ಹೊರಗಿನವರು ಇಣುಕಿ ನೋಡಲಾರರು, ತಿದ್ದಲಾರರು, ಹಿಂದಕ್ಕೆ ಪಡೆಯಲಾರರು. ಉಳಿದದ್ದು ಬರುವವರೆಗೆ ಕಾಯಬೇಕು.

ಆಮೇಲೆ ಅವಳ ಮೇಜು ಕಿಟಕಿಯ ಪಕ್ಕದಿಂದ ಹಿಂದಿನ ಕೋಣೆಗೆ ಹೋಯಿತು. ಕೋಣೆಯ ಗೋಡೆಯಾಚೆ ಪಕ್ಕದ ಕಾರ್ಖಾನೆಯ ಬಾಯ್ಲರು. ಮಧ್ಯಾಹ್ನಕ್ಕೆ ಗೋಡೆ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಮುಂದಿನ ಕೋಣೆಯಲ್ಲಿ ಗಾಜಿನ ಬಾಗಿಲು, ಮೆತ್ತನೆಯ ಸೋಫಾ, ಗೋಡೆಯ ಮೇಲೆ ಭಾವನ ಫೋಟೋ. ಫೋಟೋದ ಕೆಳಗೆ ಪ್ರೋಗ್ರಾಂನ ಹೆಸರು, ಅದರ ಕೆಳಗೆ ಭಾವನ ಹೆಸರು.

ಅವಳಿಗೆ ಬೇಕಾದದ್ದು ಒಂದೇ ಒಂದು. ಆ ಕೆಲಸ ಯಾರದು ಎಂಬುದನ್ನು ಭಾವ ತನ್ನ ಬಾಯಿಂದಲೇ, ಹೊರಗಿನವರ ಎದುರಿಗೆ ಹೇಳಬೇಕು. ಅವಳು ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಬೇರೆಯವರು ಹೇಳಿದರೆ ಚಾಡಿ ಎನ್ನುತ್ತಾರೆ. ಅವನೇ ಹೇಳಬೇಕು.

ಭಾವ ದಡ್ಡನಲ್ಲ. ರಸಾಯನಶಾಸ್ತ್ರ ಓದಿದವನು, ಪ್ರೋಗ್ರಾಂ ಬರೆಯುವುದನ್ನೂ ಅಷ್ಟಿಷ್ಟು ಕಲಿತವನು. ಆ ಅಷ್ಟಿಷ್ಟೇ ಅವನಿಗೆ ಮುಳುವಾಯಿತು. ನದಿಯಾಚೆಯ ದೊಡ್ಡ ಮಿಲ್ಲಿನ ಯಜಮಾನಿ ಪ್ರೋಗ್ರಾಂ ನೋಡಬೇಕು ಎಂದು ಹೇಳಿಕಳಿಸಿದಾಗ, ಇನ್ನಷ್ಟು ಸುಲಭ ಮಾಡಿ ತೋರಿಸಬೇಕು ಎಂಬ ಆಸೆ ಹುಟ್ಟಿತು. ದಿನವೂ ನೀರನ್ನು ಅಳೆದು ಹೇಳುವುದು ರಗಳೆ. ನೀರಿನ ಪ್ರಶ್ನೆಯೇ ಇಲ್ಲದಿದ್ದರೆ ಎಷ್ಟು ಚೆಂದ! ಅವನು ಒಂದು ಸಾಲು ಬರೆದ. ಸರದಿ ತಿರುಗಿಸಿ, ಕೊನೆಯಲ್ಲಿದ್ದ ನೀರನ್ನು ಮೊದಲಿಗೆ ತಂದು, ತಮ್ಮ ಹಿತ್ತಲಿನ ತೊಟ್ಟಿಯ ಮೆದು ನೀರಿನ ಅಳತೆಯನ್ನು ಅದಕ್ಕೆ ಕೊಟ್ಟು ಮುಚ್ಚಿಬಿಟ್ಟ. ಈಗ ಪ್ರೋಗ್ರಾಂ ಎರಡೇ ಪ್ರಶ್ನೆ ಕೇಳುತ್ತಿತ್ತು.

ಏನೂ ಗೊತ್ತಿಲ್ಲದವನು ಈ ತಪ್ಪು ಮಾಡಲಾರ. ಅರ್ಧ ತುಂಬಿಸಿ ಇಡುವ ವಿದ್ಯೆ ಬಂದು, ಯಾವ ಅರ್ಧ ಎಂಬುದು ತಿಳಿಯದವನೇ ಮಾಡಬೇಕು. ಹಿತ್ತಲಿನ ಷೆಡ್ಡಿನಲ್ಲಿ ಪರೀಕ್ಷೆ ಮಾಡಿದಾಗಲೆಲ್ಲ ಬಣ್ಣ ಸರಿಯಾಗಿಯೇ ಬಂತು. ಯಾಕೆ ಬರುವುದಿಲ್ಲ? ಒಳಗೆ ಕುಳಿತಿದ್ದದ್ದೂ ಅದೇ ತೊಟ್ಟಿಯ ನೀರು, ಪಾತ್ರೆಯಲ್ಲಿದ್ದದ್ದೂ ಅದೇ ತೊಟ್ಟಿಯ ನೀರು.

ಅರ್ಧಮ್ಮ ಆ ಸಾಲನ್ನು ಅಂದೇ ಸಂಜೆ ಕಂಡಳು. ಓದಿದಳು. ಮತ್ತೊಮ್ಮೆ ಓದಿದಳು. ನದಿಯಾಚೆಯ ಬಾವಿಗಳ ನೀರು ಎಷ್ಟು ಗಡಸು ಎಂದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಸೋಪು ಉಜ್ಜಿದರೆ ನೊರೆ ಬರುವ ಬದಲು ಕೈಗೆ ಜಿಗುಟು ಬರುತ್ತದೆ. ಎದ್ದು ಮುಂದಿನ ಕೋಣೆಗೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಎದ್ದಳು. ಕೊಡೆ ತೆಗೆದುಕೊಂಡು ಮನೆಗೆ ಹೋದಳು.

ಆ ಮಿಲ್ಲಿಗೆ ಹೊರಡುವ ಹಿಂದಿನ ದಿನ ಭಾವನೇ ಹಿಂದಿನ ಕೋಣೆಗೆ ಬಂದ. ಬಿಸಿ ಗೋಡೆಗೆ ಕೈಯಿಟ್ಟು ಥಟ್ಟನೆ ತೆಗೆದ.

"ನಾಳೆ ನೀನೂ ಬಾ. ಕಂಪ್ಯೂಟರ್ ಹೊತ್ತುಕೊಳ್ಳೋಕೆ ಒಬ್ಬರು ಬೇಕು. ಅಲ್ಲಿ ಬಾಯಿ ಬಿಡಬೇಡ."

"ಆಗಲಿ ಭಾವ."

"ಆ ಹೆಂಗಸು ಭಾರೀ ಗಟ್ಟಿಗಿತ್ತಿಯಂತೆ. ನೀರು ಯಾಕೆ ಕೇಳಲ್ಲ ಅಂದರೆ ಏನು ಹೇಳಲಿ?"

ಅರ್ಧಮ್ಮ ಅವನ ಮುಖ ನೋಡಿದಳು. ಇನ್ನೂ ಹೊತ್ತಿತ್ತು, ಈಗಲೂ ಹೇಳಬಹುದಿತ್ತು.

"ಅದು ನಿಮ್ಮ ಸ್ವಂತ ಐಡಿಯಾ ಅಂತ ಹೇಳಿ. ನಿಮ್ಮದೇ ತಾನೆ?"

"ಮತ್ತಿನ್ಯಾರದು?" ಭಾವನ ಮುಖ ಅರಳಿತು. "ನಿನಗೂ ಈಗೀಗ ಬುದ್ಧಿ ಬರ್ತಾ ಇದೆ."

ದೊಡ್ಡ ಮಿಲ್ಲಿನ ಪರೀಕ್ಷೆಯ ಕೋಣೆ ಉದ್ದಕ್ಕಿತ್ತು. ಒಂದು ಕಡೆ ಸಾಲಾಗಿ ಸಣ್ಣ ಉಕ್ಕಿನ ಪಾತ್ರೆಗಳು, ಇನ್ನೊಂದು ಕಡೆ ಬಣ್ಣ ಹೋಲಿಸಿ ನೋಡುವ ದೀಪದ ಪೆಟ್ಟಿಗೆ. ಯಜಮಾನಿಯ ಉಗುರುಗಳ ಸಂದಿಯಲ್ಲಿ ಎಂದೂ ಹೋಗದ ನೀಲಿಯಿತ್ತು. ಕುರ್ಚಿ ತೋರಿಸಿ ಉಪಚಾರ ಮಾಡುವ ಜಾತಿಯವಳಲ್ಲ. ಪಕ್ಕದಲ್ಲಿ ಬಣ್ಣದ ಮೇಸ್ತ್ರಿ, ಪಾತ್ರೆಗಳ ಸದ್ದಿನಲ್ಲಿ ಬದುಕಿ ಕಿವಿ ಮಂದವಾದ ಮನುಷ್ಯ.

"ಗಾಢ ನೀಲಿ ಬೇಕು. ರೈಲಿನ ಆಸನದ ಹೊದಿಕೆ. ಇದೇ ತುಂಡಿನ ಹಾಗೆ," ಎಂದು ಯಜಮಾನಿ ಒಂದು ಚೂರು ಬಟ್ಟೆಯನ್ನು ಮೇಜಿನ ಮೇಲೆ ಒಗೆದಳು.

ಭಾವ ಹತ್ತಿ ಎಂದು ಕೊಟ್ಟ, ನೀಲಿ ಎಂದು ಕೊಟ್ಟ. ಉತ್ತರ ಬಂತು.

"ನೀರು ಕೇಳಲೇ ಇಲ್ಲವಲ್ಲ ಸ್ವಾಮಿ, ನಿಮ್ಮದು?"

"ಅದೇ ಇದರ ಹೆಚ್ಚುಗಾರಿಕೆ ಮೇಡಂ! ಬೇರೆಯವರದು ದಿನಾ ಬೆಳಿಗ್ಗೆ ನೀರು ನೀರು ಅಂತ ಬಾಯಿ ಬಿಡುತ್ತೆ. ನಮ್ಮದು ಬಿಡಲ್ಲ. ನೀರಿನ ಲೆಕ್ಕ ಒಳಗೇ ಕೂರಿಸಿಬಿಟ್ಟೆ. ಅದು ನನ್ನ ಸ್ವಂತ ಐಡಿಯಾ."

"ಓಹೋ," ಎಂದಳು ಯಜಮಾನಿ. ಆ ಓಹೋ ಹೊಗಳಿಕೆಯಲ್ಲ ಎಂದು ಅರ್ಧಮ್ಮನಿಗೆ ತಿಳಿಯಿತು, ಭಾವನಿಗೆ ತಿಳಿಯಲಿಲ್ಲ.

ಮೇಸ್ತ್ರಿ ಪುಡಿಗಳನ್ನು ತೂಗಿ, ಬಟ್ಟೆಯನ್ನು ಪಾತ್ರೆಗಿಳಿಸಿದ. ಕಾಯಿಸಿದ, ತೊಳೆದ, ಇಸ್ತ್ರಿಯಲ್ಲಿ ಒಣಗಿಸಿ ದೀಪದ ಕೆಳಗೆ ಇಟ್ಟ. ಎರಡು ತುಂಡುಗಳು ಪಕ್ಕಪಕ್ಕದಲ್ಲಿ ಮಲಗಿದವು. ಒಂದು ನೀಲಿ. ಇನ್ನೊಂದರ ಮೇಲೆ ಬೂದಿ ಎರಚಿದಂತಿತ್ತು, ಅಲ್ಲಲ್ಲಿ ಕಲೆ ಬೇರೆ.

"ಇದು ನೀಲಿಯಾ?" ಯಜಮಾನಿ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಇದನ್ನು ಆಸನಕ್ಕೆ ಹೊದಿಸಿದರೆ ಜನ ಒರೆಸಿ ಒರೆಸಿ ಕೂರ್ತಾರೆ. ಯಾರು ಸ್ವಾಮಿ ಇದನ್ನು ಬರೆದಿದ್ದು?"

ಭಾವ ಸುತ್ತ ಕಣ್ಣಾಡಿಸಿದ. ಪಾತ್ರೆಗಳನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ, ಕೊನೆಗೆ ಗೋಡೆಗೆ ಒರಗಿ ನಿಂತಿದ್ದ ನಾದಿನಿಯ ಮೇಲೆ ಕಣ್ಣು ಬಿತ್ತು. ಮುಳುಗುವವನಿಗೆ ದಡ ಕಂಡಂತಾಯಿತು.

"ಇವಳು ಮೇಡಂ. ಬರೆದವಳು ಇವಳು. ನನ್ನ ನಾದಿನಿ. ಮನೆಯವಳು ಅಂತ ನಂಬಿದೆ, ಕೆಟ್ಟೆ."

ಅರ್ಧಮ್ಮ ಗೋಡೆ ಬಿಟ್ಟು ಮುಂದೆ ಬಂದಳು.

"ಭಾವ, ಮೇಸ್ತ್ರಿಗೆ ಕೇಳಿಸಲಿಲ್ಲ ಅನ್ಸುತ್ತೆ. ಇನ್ನೊಂದು ಸಲ ಜೋರಾಗಿ ಹೇಳಿ."

"ಏನು ಜೋರಾಗಿ ಹೇಳೋದು? ಇಡೀ ಪ್ರೋಗ್ರಾಂ ಇವಳದೇ! ಮೊದಲಿಂದ ಕೊನೆತನಕ! ನಾನು ಒಂದಕ್ಷರ ಬರೆದಿಲ್ಲ!" ಭಾವನ ಧ್ವನಿ ಪಾತ್ರೆಗಳಿಗೆ ತಾಗಿ ತಿರುಗಿ ಬಂತು. ಮೇಸ್ತ್ರಿ ತಲೆಯಾಡಿಸಿದ, ಕೇಳಿಸಿತು ಎಂಬಂತೆ.

ಅವಳು ಇಷ್ಟು ಕಾಲ ಕಾದಿದ್ದ ಮಾತು ಬಂದಿತ್ತು. ಸಂತೋಷದಿಂದ ಎದೆ ಉಬ್ಬಿತು ಎಂದೇನೂ ಅಲ್ಲ. ಬಹಳ ದಿನದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ನಾರು ಹೊರಬಿದ್ದ ಹಾಗಿತ್ತು.

"ಹೌದಮ್ಮ," ಎಂದು ಯಜಮಾನಿಯ ಕಡೆ ತಿರುಗಿದಳು. "ಮೊದಲಿಂದ ಕೊನೆತನಕ ನನ್ನದೇ. ಭಾವ ಹೇಳಿದ್ದು ನಿಜ. ಒಂದು ಸಾಲು ಬಿಟ್ಟು."

ಯಜಮಾನಿ ಹುಬ್ಬೇರಿಸಿದಳು. ನಿಧಾನವಾಗಿ ಅವಳ ತುಟಿ ಒಂದು ಕಡೆ ವಾಲಿತು.

"ನೀರಿನ ಸಾಲು."

"ಅದೇ."

"ಅದು ಇವರ ಸ್ವಂತ ಐಡಿಯಾ ಅಂದರಲ್ಲ. ಈಗ ತಾನೇ ಹೇಳಿದರು. ಮೇಸ್ತ್ರಿ, ಹೇಳಿದರಾ ಇಲ್ಲವಾ?"

"ಹೇಳಿದರು," ಎಂದ ಮೇಸ್ತ್ರಿ. ಬೇಕಾದದ್ದು ಅವನಿಗೆ ಕೇಳಿಸುತ್ತಿತ್ತು.

ಭಾವ ಬಾಯಿ ತೆರೆದ. ಐಡಿಯಾ ತನ್ನದು ಎಂದರೆ ಕೆಟ್ಟ ಬಟ್ಟೆ ತನ್ನದು. ತನ್ನದಲ್ಲ ಎಂದರೆ ಆಗಲೇ ಆಡಿದ್ದು ಸುಳ್ಳು. ಕಂಪ್ಯೂಟರಿನ ಮುಂದಿನಿಂದ ಪಕ್ಕಕ್ಕೆ ಸರಿದ.

ಅರ್ಧಮ್ಮ ಕುಳಿತು ಆ ಸಾಲನ್ನು ಅಳಿಸಿದಳು. ಬೇರೇನನ್ನೂ ಮುಟ್ಟಲಿಲ್ಲ. ಹತ್ತಿ ಎಂದು ಕೊಟ್ಟಳು, ನೀಲಿ ಎಂದು ಕೊಟ್ಟಳು. ಉತ್ತರ ಬರಲಿಲ್ಲ. ಸ್ಕ್ರೀನು ಮೂರನೆಯ ಪ್ರಶ್ನೆ ಕೇಳಿ ಸುಮ್ಮನೆ ನಿಂತಿತು: ಇಂದಿನ ನೀರು?

ಮೇಸ್ತ್ರಿ ನಲ್ಲಿಯ ನೀರನ್ನು ಗಾಜಿನ ಬುಡ್ಡಿಯಲ್ಲಿ ಹಿಡಿದು, ಒಂದು ಚಿಟಿಕೆ ಪುಡಿಯಿಂದ ಕೆಂಪಾಗಿಸಿ, ಗಡಸುತನ ಅಳೆಯುವ ಔಷಧಿಯ ಹನಿ ಹಾಕುತ್ತ ಹೋದ. ಕೆಂಪಗಿದ್ದ ನೀರು ನೀಲಿಗೆ ತಿರುಗುವವರೆಗೆ ಹನಿ ಬೀಳುತ್ತಲೇ ಇತ್ತು. ಅವನು ಹೇಳಿದ ಅಳತೆಯನ್ನು ಅವಳು ಕೊಟ್ಟಳು. ಈ ಸಲ ಮೆದು ಮಾಡುವ ಪುಡಿಯ ತೂಕ ಕಂಡು ಭಾವ ಕಣ್ಣು ಕೆಳಗೆ ಹಾಕಿದ.

ಎರಡನೆಯ ತುಂಡನ್ನು ದೀಪದ ಕೆಳಗಿಟ್ಟಾಗ ಯಾವುದು ನಮೂನೆ, ಯಾವುದು ಹೊಸದು ಎಂದು ಯಜಮಾನಿಯೇ ತಿರುಗಿಸಿ ನೋಡಬೇಕಾಯಿತು. ಆಮೇಲೆ ಅವಳು ಹೊಟ್ಟೆ ಕುಲುಕಿಸಿ ನಕ್ಕಳು.

"ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ ಸ್ವಾಮಿ. ನೀವು ಇಷ್ಟು ಉಪ್ಪು ಹಾಕಿಸಿ ನೀರೇ ಮರೆತಿರಲ್ಲ!" ನಗು ನಿಲ್ಲಿಸಿ ಅರ್ಧಮ್ಮನಿಗೆ ಹೇಳಿದಳು: "ನಾನು ನಿಮ್ಮ ಹತ್ತಿರ ಮಾತಾಡ್ತೀನಿ. ಇವರ ಹತ್ತಿರ ಅಲ್ಲ."

"ನನ್ನದೂ ಅದೇ ಷರತ್ತು," ಎಂದಳು ಅರ್ಧಮ್ಮ.

ಹೊರಡುವಾಗ ಅವಳು ಕಂಪ್ಯೂಟರನ್ನು ಮುಟ್ಟಲಿಲ್ಲ. ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನಾಚೆ ನಿಂತು ಹಿಂದಿರುಗಿ ನೋಡಿದಳು. ಭಾವ ಅದನ್ನು ಎದೆಗವಚಿಕೊಂಡು, ತಂತಿಗಳು ಕಾಲಿಗೆ ತೊಡರುತ್ತಿದ್ದಂತೆ ಬರುತ್ತಿದ್ದ.

ಸುದ್ದಿ ಅವರಿಗಿಂತ ಮೊದಲೇ ಆ ಬೀದಿಗೆ ತಲುಪಿತ್ತು. ಕೆಲವೇ ದಿನಗಳಲ್ಲಿ ಇನ್ನೂ ಕೆಲವು ಕಾರ್ಖಾನೆಯವರು ಭಾವನ ಗಾಜಿನ ಬಾಗಿಲನ್ನು ದಾಟಿ ಮುಂದೆ ಹೋಗಿ, ಅವಳು ಅದೇ ಬೀದಿಯಲ್ಲಿ ಹೊಸದಾಗಿ ಹಿಡಿದ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಿದರು.

ಆ ಮೆಟ್ಟಿಲನ್ನು ಒಂದು ಸಂಜೆ ಅಕ್ಕ ಹತ್ತಿ ಬಂದಳು. ಅವಳ ಹೆಜ್ಜೆಯ ಸದ್ದು ಕೇಳಿಯೇ ಅರ್ಧಮ್ಮ ಕಿಟಕಿ ಮುಚ್ಚಿದಳು, ಕೂಗಾಟ ಬೀದಿಗೆ ಕೇಳದಿರಲಿ ಎಂದು. ಆಮೇಲೆ ಚಹಾಕ್ಕೆ ನೀರಿಟ್ಟಳು. ಅಕ್ಕ ಮಂಚದ ಅಂಚಿನಲ್ಲಿ ಕುಳಿತಳು. ಕೂಗಲಿಲ್ಲ.

"ಆ ಸಾಲು ನೀನು ಮೊದಲೇ ನೋಡಿದ್ದೆಯಾ?"

"ನೋಡಿದ್ದೆ."

"ಐಡಿಯಾ ನನ್ನದು ಅಂತ ಹೇಳಿ ಅಂತ ಅವರಿಗೆ ಅಂದವಳೂ ನೀನೇ?"

"ನಾನೇ."

"ಒಂದು ಮಾತು ನನಗಾದರೂ ಹೇಳಬಹುದಿತ್ತು."

"ಹೇಳಬಹುದಿತ್ತು. ಆ ಸಭೆಯಲ್ಲಿ ಟೈಪಿಂಗ್ ಅಂದಾಗ ನೀನೂ ಭಾವನ ಪಕ್ಕದಲ್ಲೇ ನಿಂತಿದ್ದೆ, ಅಕ್ಕ. ನೀನು ಒಂದು ಮಾತು ಹೇಳಬಹುದಿತ್ತು."

ಅಕ್ಕ ಕೈಗೆ ಬಂದ ಚಹಾದ ಬಟ್ಟಲಿನೊಳಗೆ ನೋಡಿದಳು. ಈಗ ಕೂಗುತ್ತಾಳೆ ಎಂದು ಅರ್ಧಮ್ಮ ಕಾದಳು. ‘ಒಡಹುಟ್ಟಿದವಳು’, ‘ಗಂಡನ ಅನ್ನಕ್ಕೆ ಕಲ್ಲು ಹಾಕಿದವಳು’, ‘ಅಮ್ಮ ಇದ್ದಿದ್ದರೆ’ ಎಂಬ ಬೈಗುಳವೆಲ್ಲ ಸರದಿಯಲ್ಲಿ ಬರಬೇಕಿತ್ತು. ಬಂದರೆ ಬೂದಿಯಾಗಿ ಮುಗಿಯುತ್ತಿತ್ತು. ಬಾಗಿಲ ಕಡೆಗೆ ಬೆನ್ನು ಮಾಡಿ ಕೇಳಿಸಿಕೊಳ್ಳಲು ಅವಳು ಸಿದ್ಧಳಾಗಿದ್ದಳು.

ಅಕ್ಕ ಚಹಾ ಕುಡಿದು ಮುಗಿಸಿದಳು. ಎದ್ದು ಬಟ್ಟಲನ್ನು ತಾನೇ ತೊಳೆದು, ಬೋರಲು ಹಾಕಿದಳು. ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡು, ಟವೆಲನ್ನು ಮಡಿಸಿ ಮೊದಲಿದ್ದ ಮೊಳೆಗೇ ಸಿಕ್ಕಿಸಿದಳು.

"ಚಹಾ ಚೆನ್ನಾಗಿತ್ತು," ಎಂದಳು. ಎಂದೂ ಹಾಗೆ ಅಂದವಳಲ್ಲ. "ಬಿಡುವಾದಾಗ ಮನೆಗೆ ಬಾ. ನಾವೇನು ಹೊರಗಿನವರಾ?"

ತಂಗಿಯ ಭುಜವನ್ನು ಮೆಲ್ಲಗೆ ತಟ್ಟಿ, ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಅರ್ಧಮ್ಮ ಕಿಟಕಿ ತೆರೆದಳು. ಕೆಳಗೆ ಅಕ್ಕ ಬಟ್ಟೆಯನ್ನು ತುಸು ಎತ್ತಿ ಹಿಡಿದು, ಚರಂಡಿಯ ಗಾಢ ನೀಲಿಯನ್ನು ಜೋಪಾನವಾಗಿ ದಾಟುತ್ತಿದ್ದಳು. ಒಂದು ಹನಿಯೂ ತಾಗಲಿಲ್ಲ. ತಿರುಗಿ ನೋಡಲೂ ಇಲ್ಲ. ಇಂದು ಅಕ್ಕನೊಳಗೆ ಏನು ಹೋಗಿ ಕುಳಿತಿತೋ, ಅದು ಇನ್ನು ಯಾವುದಕ್ಕೆ ಕಾಯುತ್ತದೋ, ಹೊರಗೆ ನಿಂತು ಹೇಳುವ ಉಪಾಯ ಅವಳಿಗೂ ಗೊತ್ತಿರಲಿಲ್ಲ. ಒಂದು ಮಾತ್ರ ಗೊತ್ತಿತ್ತು: ಅದು ಕಾಯುತ್ತಿರುವ ಕೊನೆಯ ಮಾತನ್ನು ಎಂದೋ ಒಂದು ದಿನ ತಾನೇ, ಏನೂ ಅರಿಯದೆ, ತನ್ನ ಬಾಯಿಂದಲೇ ಕೊಡುತ್ತೇನೆ ಎಂಬುದು.

ಅವಳು ಕಿಟಕಿಯಿಂದ ಸರಿದು ಕೆಲಸಕ್ಕೆ ಕುಳಿತಳು. ಆ ದಿನದಿಂದ ಅಕ್ಕನ ಮನೆಯಲ್ಲಿ ಅವಳು ಅಳೆದು ಮಾತಾಡುತ್ತಾಳೆ.